ಇ-ಮೇಲ್ ವಂಚಕ ಮಹನೀಯರಿಗೆ ಅರ್ಪಿಸಿದ ಬಹಿರಂಗ ಬಿನ್ನವತ್ತಳೆ

ಇವರಿಗೆ: ನಾಡಿನ ಸಮಸ್ತ ಬ್ಯಾಂಕು, ತೆರಿಗೆ ಇಲಾಖೆ, ಕೊರಿಯರ್ ಕಚೇರಿಗಳ ಪರವಾಗಿ, ಅವರಾರೂ ಕೇಳಿಕೊಳ್ಳದಿದ್ದರೂ, ಪತ್ರವ್ಯವಹಾರದ ಹೊಣೆ ಹೊತ್ತಿರುವ ಮಹನೀಯರಿಗೆ

ಇವರಿಂದ: ಈಚೆಗಷ್ಟೇ ಇ-ಮೇಲ್ ಖಾತೆ ತೆರೆದವರಿಂದ

ವಿಷಯ: ಮಹನೀಯರ ಸೇವೆಯ ಸ್ಮರಣೆ ಹಾಗೂ ಮುಂದಕ್ಕೆ ಅದನ್ನು ನಿರಾಕರಿಸುವ ಬಗ್ಗೆ

ಮಾನ್ಯರೇ,

ಪತ್ರ ಬರೆಯುವ ರೂಢಿಯೇ ಕ್ಷೀಣಿಸುತ್ತಿರುವ ಈ ಕಾಲದಲ್ಲಿ, ಗುರುತು ಪರಿಚಯವಿಲ್ಲದ ಲಕ್ಷಾಂತರ ಮಂದಿಯ ಕ್ಷೇಮಚಿಂತನೆಯನ್ನು ಹಗಲಿರುಳೂ ನಡೆಸುತ್ತಿರುವ ಮಹನೀಯರನ್ನು ಮೊದಲು ಸ್ಮರಿಸುವುದು ಕರ್ತವ್ಯವಾಗಿದೆ. ನಿವೃತ್ತ ಶಿಕ್ಷಕರೊಬ್ಬರ ಕೆವೈಸಿ, ಎಂದರೆ ಗ್ರಾಹಕರ ಗುರುತು ವಿಳಾಸಗಳನ್ನು ಬ್ಯಾಂಕು ದಾಖಲೆಗಳ ಮೂಲಕ ಖಚಿತಪಡಿಸಿಕೊಳ್ಳುವ ಕ್ರಮ, ಇಂದು ಸಂಜೆಗೇ ಅಸಿಂಧುವಾಗಲಿದೆ ಎಂಬ ಸಂಗತಿ ಶಾಖೆಯ ಮ್ಯಾನೇಜರರಿಗೇ ತಿಳಿಯದಿರುವಾಗ ಮಹನೀಯರಿಗೆ ತಿಳಿದಿರುತ್ತದೆ. ಎಂದೂ ತೆರಿಗೆ ಕಟ್ಟದವರಿಗೆ ತೆರಿಗೆಯ ಮರುಪಾವತಿ, ಟಿಕೆಟ್ಟನ್ನೇ ಕೊಳ್ಳದವರಿಗೆ ಲಾಟರಿಯ ಬಹುಮಾನ, ಏನನ್ನೂ ತರಿಸದವರಿಗೆ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದ ಪಾರ್ಸೆಲ್ಲು ಲಭಿಸುವುದು ಅವರ ಔದಾರ್ಯದಿಂದಲೇ. ಇಷ್ಟೆಲ್ಲ ಕೊಡುವವರು ಪ್ರತಿಯಾಗಿ ಬೇಡುವುದು ಒಂದು ಪಾಸ್‌ವರ್ಡನ್ನು ಮತ್ತು ಒಂದು ಒಟಿಪಿಯನ್ನು, ಎಂದರೆ ಒಂದೇ ಸಲಕ್ಕೆ ಸಲ್ಲುವ ಗುಪ್ತ ಅಂಕಿಯನ್ನು, ಮಾತ್ರ.

ಮಹನೀಯರದು ಹಳೆಯ ಮನೆತನ. 19ನೆಯ ಶತಮಾನದಲ್ಲಿಯೇ, ಸ್ಪೇನಿನ ಸೆರೆಮನೆಯಲ್ಲಿರುವ ಧನಿಕನೊಬ್ಬನ ಬಿಡುಗಡೆಗೆ ಸ್ವಲ್ಪ ಹಣ ಕಳಿಸಿದರೆ ಅವನು ಹುದುಗಿಸಿಟ್ಟ ನಿಧಿಯಲ್ಲಿ ಪಾಲು ಸಿಗುವುದೆಂಬ ಕಾಗದಗಳು ಅಂಚೆಯಲ್ಲಿ ಬರುತ್ತಿದ್ದವು. ಆ ಸೆರೆಯಾಳು ಮುಂದೆ ನೈಜೀರಿಯಾದ ರಾಜಕುಮಾರನಾಗಿ, ಮಂತ್ರಿಯ ವಿಧವೆಯಾಗಿ ವೇಷ ಬದಲಿಸಿದರೂ ಮುಂಗಡ ಶುಲ್ಕದ ಬೇಡಿಕೆ ಬದಲಾಗಲಿಲ್ಲ, ಮತ್ತು ಆ ದೇಶದ ದಂಡಸಂಹಿತೆಯಲ್ಲಿ ಇಂಥ ವಂಚನೆಯನ್ನು ಕುರಿತ 419ನೆಯ ಕಲಮಿನಿಂದ ಈ ವಿದ್ಯೆಗೆ ‘ಫೋರ್ ಒನ್ ನೈನ್’ ಎಂಬ ಬಿರುದೂ ಪ್ರಾಪ್ತವಾಯಿತು. ಇಂಥ ಕಾಗದಗಳನ್ನು ಓದಿ ನಗುವವರು, ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಗಮನಿಸಬೇಕು: ನಂಬಲಸಾಧ್ಯವಾದ ಕಥೆಯನ್ನೇ ಹೇಳಿದರೆ ಸಂಶಯಪಡುವವರೆಲ್ಲ ಆರಂಭದಲ್ಲಿಯೇ ದೂರ ಸರಿಯುವುದರಿಂದ, ಆಮೇಲೂ ಉತ್ತರಿಸುವವರ ಮೇಲೆ ವಂಚಕನು ಹೂಡುವ ಶ್ರಮ ವ್ಯರ್ಥವಾಗುವುದಿಲ್ಲ ಎಂಬುದು ಅದರ ವಾದ. ಈಗಂತೂ ಕೃತಕ ಬುದ್ಧಿಮತ್ತೆಯ ನೆರವಿನಿಂದ ಮಹನೀಯರ ಭಾಷೆ ಎಷ್ಟು ಶುದ್ಧವಾಗಿದೆಯೆಂದರೆ, ಕಾಗುಣಿತದ ತಪ್ಪಿಲ್ಲದ ಪತ್ರ ನಿಜವಾದ ಕಚೇರಿಯದಾಗಿರಲಾರದು ಎಂದು ಅನುಮಾನಿಸುವ ದಿನ ಬಂದರೂ ಆಶ್ಚರ್ಯವಿಲ್ಲ.

ಮಹನೀಯರ ಏಳಿಗೆಯ ಮೂಲ ಇ-ಮೇಲ್‌ನ ಹುಟ್ಟಿನಲ್ಲಿಯೇ ಇದೆ. 1971ರಲ್ಲಿ ಅಮೆರಿಕದ ಅರ್ಪಾನೆಟ್ ಎಂಬ ಗಣಕಜಾಲದಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟಾಗಲೂ, 1982ರಲ್ಲಿ ಜಾನ್ ಪೋಸ್ಟೆಲ್ ಅವರು ಒಂದು ಸರ್ವರಿನಿಂದ ಮತ್ತೊಂದಕ್ಕೆ ಮೇಲ್ ದಾಟಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಬರೆದಾಗಲೂ, ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಕೆಲವೇ ಮಂದಿಯಾಗಿದ್ದುದರಿಂದ, ಕಳಿಸಿದವನು ತಾನು ಹೇಳಿಕೊಳ್ಳುವವನೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಆ ನಿಯಮಗಳಲ್ಲಿ ಸೇರಲಿಲ್ಲ. ಲಕೋಟೆಯ ಮೂಲೆಯಲ್ಲಿ ‘ಇಂದ’ ಎಂದು ಬರೆದು ಅದರ ಕೆಳಗೆ ಯಾರ ಹೆಸರನ್ನಾದರೂ ಗೀಚಬಹುದಾದಂತೆ ಇಲ್ಲಿಯೂ ಗೀಚಬಹುದಾಗಿತ್ತು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷೆಗಳು ಬಂದು, ವಿಳಾಸದಲ್ಲಿ ಕಾಣುವ ಸಂಸ್ಥೆಯ ಅನುಮತಿಯಿಂದಲೇ ಮೇಲ್ ಹೊರಟಿತೇ ಎಂದು ಸರ್ವರುಗಳು ಈಗ ತಕ್ಕಮಟ್ಟಿಗೆ ವಿಚಾರಿಸುತ್ತವೆಯಾದರೂ, ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡುವ ಹೆಸರನ್ನು ಯಾರೂ ವಿಚಾರಿಸುವುದಿಲ್ಲ; ಆ ಹೆಸರಿನ ಜಾಗದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರೆಂದು ಬರೆದುಕೊಳ್ಳುವ ಸ್ವಾತಂತ್ರ್ಯ ಮಹನೀಯರಿಗೆ ಇಂದಿಗೂ ಉಂಟು.

ಆದ್ದರಿಂದ ಹೊಸ ಬಳಕೆದಾರರು ಹೆಸರನ್ನು ಬಿಟ್ಟು ವಿಳಾಸವನ್ನು, ಅದರಲ್ಲಿಯೂ ಅಟ್ ಚಿಹ್ನೆಯ ಬಲಕ್ಕಿರುವ ಡೊಮೇನ್ ಭಾಗವನ್ನು, ಬಲತುದಿಯಿಂದ ಎಡಕ್ಕೆ ಓದಲು ಕಲಿಯುತ್ತಿದ್ದಾರೆಂಬ ಅಹಿತಕರ ವಾರ್ತೆಯನ್ನು ಮಹನೀಯರಿಗೆ ತಿಳಿಸಬೇಕಾಗಿದೆ. ಆರಂಭದಲ್ಲಿ ಬ್ಯಾಂಕಿನ ಹೆಸರು ಎಷ್ಟೇ ಎದ್ದು ಕಂಡರೂ, ಕೊನೆಯ ಎರಡು ಮೂರು ಪದಗಳು ಬೇರೆಯಾಗಿದ್ದರೆ ಆ ವಿಳಾಸದ ಒಡೆಯನೂ ಬೇರೆಯೇ. ಭಾರತದ ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ, ಬ್ಯಾಂಕುಗಳಿಗೆ ಮಾತ್ರ ಮೀಸಲಾದ ಡೊಮೇನಿಗೆ 2025ರ ಅಕ್ಟೋಬರ್ 31ರೊಳಗೆ ವರ್ಗಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದ್ದು ಮಹನೀಯರ ವೃತ್ತಿಗೆ ಒದಗಿದ ಕಿರುಕುಳವೆಂದೇ ಹೇಳಬೇಕು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತಾಗಿ ಇಟ್ಟು ‘ಎಂ’ ಎಂಬ ಭ್ರಮೆ ಹುಟ್ಟಿಸುವ ಅವರ ಲಿಪಿಕೌಶಲ ಇನ್ನೂ ಉಳಿದಿದೆ, ನಿಜ. ಆದರೆ ಮೇಲ್‌ನಲ್ಲಿರುವ ಲಿಂಕನ್ನು ಒತ್ತದೆ ಬ್ಯಾಂಕಿನ ವಿಳಾಸವನ್ನು ತಾವೇ ಟೈಪು ಮಾಡುವವರ ಮುಂದೆ ಆ ಕೌಶಲವೂ ನಿಷ್ಫಲ.

ಅಟ್ಯಾಚ್‌ಮೆಂಟ್, ಎಂದರೆ ಪತ್ರದೊಡನೆ ಲಗತ್ತಿಸಿದ ಕಡತ, ಮಹನೀಯರ ಇನ್ನೊಂದು ಕಾಣಿಕೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಿಂದ ಹೊರಟ ‘ಐ ಲವ್ ಯೂ’ ಎಂಬ ಮೇಲ್ ತನ್ನೊಳಗೆ ಪ್ರೇಮಪತ್ರವಿದೆಯೆಂದು ಹೇಳಿಕೊಂಡಿತು. ಕಡತದ ಹೆಸರಿನ ಕೊನೆಯಲ್ಲಿದ್ದ ‘ವಿಬಿಎಸ್’ ಎಂಬ ಬಾಲವನ್ನು, ಎಂದರೆ ಅದು ಓದುವ ಪಠ್ಯವಲ್ಲದೆ ಓಡುವ ಪ್ರೋಗ್ರಾಮು ಎಂಬುದರ ಗುರುತನ್ನು, ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅದನ್ನು ತೆರೆದವರ ಕಡತಗಳು ಅಳಿದುಹೋದವು, ಮತ್ತು ಅವರ ವಿಳಾಸಪುಸ್ತಕದಲ್ಲಿದ್ದ ಸಕಲರಿಗೂ ಅದೇ ಪ್ರೇಮ ನಿವೇದನೆಯಾಯಿತು. ಆಗ ಆ ದೇಶದಲ್ಲಿ ಇಂಥದ್ದಕ್ಕೆ ಕಾನೂನೇ ಇಲ್ಲದಿದ್ದುದರಿಂದ ಆರೋಪಿಯ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಪರಿಚಿತರಿಂದ ಬಂದ ಕಡತವನ್ನಾದರೂ, ನಿರೀಕ್ಷಿಸದೆ ಬಂದಿದ್ದರೆ, ಫೋನು ಮಾಡಿ ಕೇಳಿದ ಮೇಲೆಯೇ ತೆರೆಯಬೇಕೆಂಬ ನಿಯಮ ಹುಟ್ಟಿದ್ದು ಇಂಥ ಅನುಭವಗಳಿಂದ.

ಇಂಥ ಬಲೆಗೆ ಬೀಳುವವರು ಅವಿದ್ಯಾವಂತರು ಮಾತ್ರ ಎಂಬ ಪ್ರಚಾರದಿಂದ ಮಹನೀಯರಿಗೆ ದೊಡ್ಡ ಅನುಕೂಲವಿದೆ, ಏಕೆಂದರೆ ಮೋಸಹೋದವರು ನಾಚಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ವಾಸ್ತವ ಹಾಗಿಲ್ಲ. 2016ರ ಮಾರ್ಚಿನಲ್ಲಿ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರಿಗೆ, ಪಾಸ್‌ವರ್ಡನ್ನು ಕೂಡಲೇ ಬದಲಿಸಿರೆಂದು ಗೂಗಲ್ ಹೆಸರಿನಲ್ಲಿ ಮೇಲ್ ಬಂದಾಗ, ತಾಂತ್ರಿಕ ಸಹಾಯಕನೊಬ್ಬ ‘ಅಸಲಿಯಲ್ಲ’ ಎಂದು ಬರೆಯಬೇಕಾದಲ್ಲಿ ‘ಅಸಲಿ’ ಎಂದು ಬರೆದುದಾಗಿ ಆಮೇಲೆ ಹೇಳಿಕೊಂಡ. ಅವನು ಗೂಗಲ್‌ನ ಸರಿಯಾದ ವಿಳಾಸವನ್ನೂ ಕೊಟ್ಟಿದ್ದ, ಆದರೆ ಪೊಡೆಸ್ಟಾ ಅವರ ಕಡೆಯವರು ಒತ್ತಿದ್ದು ಮೇಲ್‌ನಲ್ಲಿದ್ದ ಗುಂಡಿಯನ್ನು. ಇನ್ನು ಎವಾಲ್ದಾಸ್ ರಿಮಾಶೌಸ್ಕಾಸ್ ಎಂಬ ಲಿಥುವೇನಿಯಾದವನು ತೈವಾನಿನ ಸರಬರಾಜು ಕಂಪನಿಯೊಂದರ ಸೋಗು ಹಾಕಿ, ನಕಲಿ ಬಿಲ್ಲುಗಳನ್ನು ಕಳಿಸಿ, ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದಲೇ 10 ಕೋಟಿ ಡಾಲರಿಗೂ ಹೆಚ್ಚು ಹಣ ಹೊಡೆದು, 2019ರಲ್ಲಿ 5 ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ಇಲ್ಲಿ ಸೋತದ್ದು ಗಣಕಜ್ಞಾನವೆನ್ನುವುದಕ್ಕಿಂತ ತಾಳ್ಮೆ. ‘24 ಗಂಟೆಗಳೊಳಗೆ’ ಎಂಬ ಮಾತನ್ನು ಮಹನೀಯರ ಪತ್ರಗಳಿಂದ ಕಿತ್ತುಹಾಕಿದರೆ ಉಳಿಯುವುದು ಬಹಳ ಕಡಿಮೆ, ಮತ್ತು ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರಿಗೆ ಒಂದು ಕರೆ ಮಾಡುವಷ್ಟು ಹೊತ್ತನ್ನು ಯಾವ ನಿಜವಾದ ಬ್ಯಾಂಕೂ ತನ್ನ ಗ್ರಾಹಕರಿಗೆ ನಿರಾಕರಿಸುವುದಿಲ್ಲ.

ಪಾಸ್‌ವರ್ಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದೆ’ ಎಂಬ ಕೋರಿಕೆಯ ಉತ್ತರ ಬಹುತೇಕ ಇ-ಮೇಲ್‌ಗೇ ಬರುವುದರಿಂದ, ಅದರ ಪಾಸ್‌ವರ್ಡು ಉದ್ದವಾಗಿದ್ದು ಬೇರೆಲ್ಲಿಯೂ ಬಳಕೆಯಾಗದಿರಬೇಕು; ಜೊತೆಗೆ ಎರಡು ಹಂತದ ದೃಢೀಕರಣವನ್ನು, ಎಂದರೆ ಪಾಸ್‌ವರ್ಡಿನ ಮೇಲೆ ಫೋನಿನ ಒಪ್ಪಿಗೆಯನ್ನೂ ಕೇಳುವ ಸೌಲಭ್ಯವನ್ನು, ಚಾಲೂ ಮಾಡಿರಬೇಕು. ಮಗನ ಹೆಸರು ಮತ್ತು ಹುಟ್ಟಿದ ವರ್ಷವನ್ನು ಸೇರಿಸಿ ಪಾಸ್‌ವರ್ಡು ಕಟ್ಟುವವರ ವಾತ್ಸಲ್ಯ ಮಹನೀಯರಿಗೆ ಚೆನ್ನಾಗಿ ಗೊತ್ತಿದೆ.

ಇಷ್ಟಾದರೂ ಯಾರಾದರೂ ಎಡವಿ ಹಣ ಕಳೆದುಕೊಂಡರೆ, ಅವರು ನಾಚಿ ಕೂರದೆ ತಕ್ಷಣ 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಲಿದ್ದಾರೆ. ದೂರು ಬೇಗ ತಲುಪಿದಷ್ಟೂ ಹಣ ಕೈ ಬದಲಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರ್ನಾಟಕದ ಜಿಲ್ಲೆಗಳಲ್ಲಿರುವ ಸೆನ್ ಪೊಲೀಸ್ ಠಾಣೆಗಳೂ, ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿಯೇ ಇರುವ ಠಾಣೆಗಳೂ, ಮಹನೀಯರ ವಿಳಾಸವನ್ನು ತಿಳಿಯಲು ಉತ್ಸುಕವಾಗಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ, ಗಣಕದ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಈ ಬಹುಮಾನಕ್ಕೆ ಮುಂಗಡ ಶುಲ್ಕವೇನೂ ಇರುವುದಿಲ್ಲ.