ಬೈಸಿಕೊಳ್ಳುವವರ ರಂಗಭೂಮಿ

ಬೇಲೂರಿನ ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಶಿಲಾಬಾಲಿಕೆಯರು ಅಂದಿನಿಂದ ಒಂದೇ ಸೂರ್ಯನ ಬೆಳಕಿನಲ್ಲಿ ಕುಣಿಯುತ್ತಿದ್ದಾರೆ. ಲೈಟಿನವನ ಮೇಲೆ ಒಂದು ದೂರಿಲ್ಲ. ಅಲ್ಲೇ ಹತ್ತಿರದ ಹಗರೆಯ ಸುತ್ತಮುತ್ತ ‘ಕುರುಕ್ಷೇತ್ರ’ ನಾಟಕ ಆಡುವ ನಮ್ಮವರಿಗೆ ಆ ಸಂಯಮ ಬರಲಿಲ್ಲ. ಬರುವುದಾದರೂ ಹೇಗೆ? ಕಂಪನಿ ನಾಟಕದಲ್ಲಿ ನಟನಿಗೆ ಸಂಬಳ. ನಮ್ಮಲ್ಲಿ ನಟನೇ ದುಡ್ಡು ಕಟ್ಟಿ ಪಾರ್ಟು ಹಿಡಿಯುತ್ತಾನೆ. ದುಡ್ಡು ಕಟ್ಟಿದವನ ತಪ್ಪು ಹುಡುಕಲಾದೀತೆ? ಆದ್ದರಿಂದ ತಪ್ಪೆಲ್ಲ ಸೈಡ್‌ವಿಂಗಿನಲ್ಲಿ ನಿಂತವನದು. ಅಲ್ಲಿ ಹಗ್ಗ ಹಿಡಿದೇ ತಲೆ ನರೆಸಿಕೊಂಡವನು ನಾನು.

ಮೊದಲು ಬೈಸಿಕೊಂಡವನು ಗ್ಯಾಸ್‌ಲೈಟಿನವನು. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ಹಳ್ಳಿಯ ರಂಗಕ್ಕೆ ಬರಲು ಅದಕ್ಕೇನೂ ಅವಸರವಿರಲಿಲ್ಲ. ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸು ಸರಿರಾತ್ರಿಗೆ ಗಾಳಿ ಇಳಿದು ಮಂಕಾಗುತ್ತಿತ್ತು. ದ್ರೌಪದಿ ಬಿಚ್ಚಿದ ಮುಡಿ ತೋರಿಸಿ ಕೃಷ್ಣನೆದುರು ಅಳುವ ಹೊತ್ತಿಗೆ ಲುಂಗಿಯವನೊಬ್ಬ ನಡುವೆ ನುಗ್ಗಿ ಪಂಪು ಹೊಡೆಯುತ್ತಿದ್ದ. ಬೆಳಕು ಏರುತ್ತಲೇ ಚಪ್ಪಾಳೆ. ದ್ರೌಪದಿ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದಳು.

ಆಮೇಲೆ ನನ್ನ ಸರದಿ. ಬಾಡಿಗೆ ಸೀನರಿಯ ದರ್ಬಾರು, ಕಾಡು, ರಸ್ತೆ ಇಷ್ಟರಲ್ಲೇ ಇಡೀ ಭಾರತ ಮುಗಿಯಬೇಕು. ಹಗ್ಗ ಎಳೆದರೆ ಪರದೆ ಮೇಲೆ, ಬಿಟ್ಟರೆ ಕೆಳಗೆ. ಕಷ್ಟವೆಲ್ಲ ಸಾಯುವವರದು. ತೊಡೆ ಮುರಿದ ದುರ್ಯೋಧನ ಪರದೆಯಿಂದ ಈಚೆಗೆ ಬಿದ್ದುಬಿಟ್ಟರೆ ಸತ್ತ ಮೇಲೂ ಜನರೆದುರೇ ಇರುತ್ತಿದ್ದ. “ಸ್ವಲ್ಪ ಹಿಂದಕ್ಕೆ ಸರೀರಿ ಗೌಡ್ರೆ” ಎಂದು ಪಿಸುಗುಟ್ಟಿದರೆ, ಸತ್ತವರು ಒಂದು ಕಣ್ಣು ಬಿಟ್ಟು, “ತಡ್ಯೋ, ಒನ್ಸ್ ಮೋರ್ ಬತ್ತದೆ” ಎನ್ನುತ್ತಿದ್ದರು. ಬರುತ್ತಿತ್ತು ಕೂಡ.

ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ್ದರಂತೆ. ನಮ್ಮ ಕೈಗೆಟುಕಿದ್ದು ತಗಡು ಬಡಿದ ಗುಡುಗು, ವಿಶ್ವರೂಪಕ್ಕೆ ಪಂಜಿನ ಮೇಲೆ ಎರಚುವ ರಾಳ. ಕೃಷ್ಣನ ಹುಬ್ಬು ಉಳಿದರೆ ಪುಣ್ಯ.

ಕರೆಂಟು ಬಂದ ಮೇಲೆ ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸುವ ಹಂಬಲ. ಹವ್ಯಾಸಿ ತಂಡಗಳಿಂದ ಉಪ್ಪುನೀರಿನ ಡಿಮ್ಮರ್ ಕಲಿತೆವು. ಉಪ್ಪುನೀರಿನ ಜಾಡಿಯೊಳಗೆ ಕರೆಂಟಿನ ಎರಡು ತಗಡು. ಹತ್ತಿರ ತಂದರೆ ಬೆಳಕು ಏರುತ್ತದೆ, ದೂರ ಸರಿಸಿದರೆ ಇಳಿಯುತ್ತದೆ. ಸೂರ್ಯೋದಯ ಪೂರ್ತಿಯಾಗುವಷ್ಟರಲ್ಲಿ ನೀರು ಕಾದು ಹಬೆಯಾಡುತ್ತಿತ್ತು. ಉಪ್ಪು ಹೆಚ್ಚಾಯಿತೆಂದು ಅಡಿಗೆಭಟ್ಟರಂತೆ ಬೈಸಿಕೊಂಡೆವು.

ಮೈಕಿನದು ಬೇರೆಯೇ ಪರ್ವ. ನಡುವೆ ಒಂದೇ ಮೈಕು ನೇತಾಡುತ್ತಿದ್ದಾಗ ಕೌರವ ಪಾಂಡವರಿಬ್ಬರಿಗೂ ಅದರ ಕೆಳಗಿನ ಗೇಣು ಜಾಗವೇ ಬೇಕು. ವ್ಯಾಸರು ಬರೆದ ಐದು ಊರಿನ ಜಗಳಕ್ಕಿಂತ ಅದು ಖರೆಯಾಗಿತ್ತು. ಈಗ ಕಿವಿಗೆ ಸಿಕ್ಕಿಸುವ ಮೈಕು. ಅದನ್ನು ಆಫ್ ಮಾಡದೆ ಒಳಗೆ ಹೋದ ಭೀಷ್ಮರು “ಬೋಂಡ ಉಳಿದದಾ?” ಎಂದು ಕೇಳಿದ್ದು ಊರಿಗೆಲ್ಲ ಗೊತ್ತಾಯಿತು. ಬೈಸಿಕೊಂಡವನು ಮೈಕ್‌ಸೆಟ್ಟಿನವನು.

ಇತ್ತೀಚೆಗೆ ಹಿಂದುಗಡೆ ಎಲ್‌ಇಡಿ ಪರದೆ. ದುರ್ಯೋಧನ ಅಡಗುವ ವೈಶಂಪಾಯನ ಸರೋವರದಲ್ಲಿ ಅಲೆ ಏಳುತ್ತದೆ, ಹಂಸ ತೇಲುತ್ತದೆ. ಜನ ಹಂಸಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾಗ ದುರ್ಯೋಧನನ ಹಾಡು ಮುಗಿದೇ ಹೋಯಿತು. ಒನ್ಸ್ ಮೋರ್ ಬರಲಿಲ್ಲ. “ಹಂಸ ಯಾಕೋ ಅಷ್ಟೊಂದು ಬಿಟ್ಟೆ?” ಎಂದು ಲ್ಯಾಪ್‌ಟಾಪಿನ ಹುಡುಗನ ಮೇಲೆ ಗದೆ ಎತ್ತಿದರು.

ಹುಡುಗ ಮುಖ ಸಣ್ಣಗೆ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತ. ಅವನಿಗೆ ಇಷ್ಟೇ ಹೇಳಿದೆ: ಸೀಮೆಎಣ್ಣೆ ಹೋಗಿ ಕರೆಂಟು ಬಂತು, ಹಗ್ಗ ಹೋಗಿ ಮೌಸು ಬಂತು, ದುರ್ಯೋಧನನ ಪಾರ್ಟಿಗೆ ಮಾತ್ರ ಇವತ್ತಿಗೂ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಬೇಕು. ಕಟ್ಟಿದವರು ಬೈಯುತ್ತಾರೆ.