ಇನ್ನೂ ಅಂಗಡಿ ತೆರೆಯದ ಸಾಹುಕಾರರು

ನವಲಗುಂದದಂಥ ಊರುಗಳಲ್ಲಿ ಈಚೆಗೆ ಹೊಸ ನಮೂನೆಯ ಸಾಹುಕಾರರು ಹುಟ್ಟಿಕೊಂಡಿದ್ದಾರೆ. ಇವರಿಗೆ ಅಂಗಡಿಯಿಲ್ಲ, ಗಿರಾಕಿಯಿಲ್ಲ, ಗಲ್ಲಾಪೆಟ್ಟಿಗೆಯಂತೂ ಮೊದಲೇ ಇಲ್ಲ. ಇರುವುದು ಒಂದು ವೆಬ್‌ಸೈಟು, ಅದರ ತುಂಬ ನವಲಗುಂದದ ಜಮಖಾನದ ಫೋಟೊ, ಜೊತೆಗೆ ಗಿರಾಕಿಯ ದುಡ್ಡು ಪಡೆಯಲು ಯಾವ ಪೇಮೆಂಟ್ ಗೇಟ್‌ವೇ ಹಿಡಿಯಬೇಕೆಂಬ ತೀರದ ಚಿಂತೆ. “ಗೇಟ್‌ವೇ ಒಂದ್ ಫೈನಲ್ ಆಗ್ಲಿ ತಡೀರಿ, ಮರುದಿನಾನ ಚಾಲೂ” ಎನ್ನುತ್ತಾರೆ. ಯುಗಾದಿಗೆ ಕೇಳಿದರೂ ಮರುದಿನ, ದೀಪಾವಳಿಗೆ ಕೇಳಿದರೂ ಮರುದಿನ. ಇವರ ಮೊಬೈಲಿನಲ್ಲಿ ತಪ್ಪದೆ ಒಂದು ಎಕ್ಸೆಲ್ ಹಾಳೆ ಇರುತ್ತದೆ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ, ಫೋನ್‌ಪೇ ಎಂದು ಒಂದೊಂದಕ್ಕೂ ಒಂದು ಸಾಲು. ಕಮಿಷನ್ ಎಷ್ಟು, ಕ್ರೆಡಿಟ್ ಕಾರ್ಡಿಗೆ ಎಷ್ಟು, ವಿದೇಶದ ಕಾರ್ಡಿಗೆ ಎಷ್ಟು ಎಂದು ಅಡ್ಡಕ್ಕೆ ಮನೆಗಳು. ಅಣ್ಣಿಗೇರಿಯ ಆಚೆಯಿಂದಲೂ ಆರ್ಡರ್ ಬಾರದವರಿಗೆ ವಿದೇಶದ ಕಾರ್ಡಿನ ಚಿಂತೆ! ಉತ್ತರ ಸಿಗದ ಮನೆಗಳಿಗೆ ಹಳದಿ ಬಣ್ಣ. ದಿನ ಕಳೆದಂತೆ ಹಾಳೆಯ ತುಂಬ ಹಳದಿಯೇ ಹಬ್ಬುತ್ತದೆ. ಈ ಹಾಳೆ ತೋರಿಸಲೆಂದೇ ಕರೆದು ಚಹಾ ಕುಡಿಸುತ್ತಾರೆ. ಚಹಾದ ದುಡ್ಡನ್ನು ಮಾತ್ರ ಬೇರೆಯವರು ಕೊಡಲು ಎಂದೂ ಬಿಡುವುದಿಲ್ಲ. ಆ ಮಟ್ಟಿಗೆ ದೊಡ್ಡ ಮನುಷ್ಯರು.

ಈ ಹುಡುಕಾಟವೆಲ್ಲ ತಡಮಾಡಲು ಸಿಕ್ಕ ಮರ್ಯಾದಸ್ಥ ನೆಪ ಎಂಬುದು ನನ್ನ ವಾದ. ಲೆಕ್ಕವನ್ನು ಅವರ ಹಾಳೆಯಿಂದಲೇ ತೆಗೆಯೋಣ. ಸಾಮಾನ್ಯವಾಗಿ ಈ ಕಂಪನಿಗಳು ಹೇಳುವ ದರ ನೂರಕ್ಕೆ 2ರ ಆಸುಪಾಸು, ಆ ಕಮಿಷನ್ ಮೇಲೆ ಶೇಕಡಾ 18 ಜಿಎಸ್‌ಟಿ. 3000 ರೂಪಾಯಿಯ ಜಮಖಾನಕ್ಕೆ 70 ರೂಪಾಯಿ 80 ಪೈಸೆ ಹೋಯಿತು. ಇನ್ನೊಬ್ಬರು ಕಾಲು ಪರ್ಸೆಂಟ್ ಕಡಿಮೆ ಹೇಳಿದರು ಎನ್ನಿ, ಉಳಿಯುವುದು 8 ರೂಪಾಯಿ 85 ಪೈಸೆ. ಇದಕ್ಕಾಗಿ ವರ್ಷ ಕಳೆಯುವವರು, ನಿಜವಾಗಿ ಕೇಳಬೇಕಾದ್ದನ್ನು ಕೇಳುವುದೇ ಇಲ್ಲ. ಗಿರಾಕಿ ಕೊಟ್ಟ ದುಡ್ಡು ನಮ್ಮ ಖಾತೆಗೆ ಎಂದು ಬೀಳುತ್ತದೆ? ಮಾಲು ವಾಪಸು ಬಂದರೆ ಕಮಿಷನ್ ವಾಪಸು ಬರುತ್ತದೆಯೋ ಇಲ್ಲವೋ? ದುಡ್ಡು ನಡುವೆ ಸಿಕ್ಕಿಕೊಂಡಾಗ ಫೋನ್ ಎತ್ತುವವರು ಯಾರು, ಯಾವ ಭಾಷೆಯಲ್ಲಿ? ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಗಿರಾಕಿ ಸಿಟ್ಟಾದಾಗ ಬಾಯಿಗೆ ಬರಬೇಕಾದ ಮಾತು ಇದು. ಎಕ್ಸೆಲ್ ಹಾಳೆಯಲ್ಲಿ ಇದಕ್ಕೊಂದು ಮನೆಯಿಲ್ಲ.

“ನಿಮಗೇನ್ರಿ, ನಮ್ಮ ಲಾಭಾನ ನೂರಕ್ಕ ಹತ್ತು, ಅದ್ರಾಗ ಎರಡು ಇವ್ರಿಗೇ ಹೋದ್ರ?” ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದರೆ ಗೇಟ್‌ವೇಯನ್ನೇ ಬಿಟ್ಟುಬಿಡಲಿ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಕಮಿಷನ್ ಕೊಡಬೇಕಿಲ್ಲ. ತಿಂಗಳಿಗೆ ಹತ್ತು ಆರ್ಡರ್ ಬರುವವರೆಗೆ ವಾಟ್ಸಾಪಿನಲ್ಲಿ ಒಂದು ಕ್ಯೂಆರ್ ಕಳಿಸಿದರೆ ಸಾಕು. ಸುಳ್ಳು ಸ್ಕ್ರೀನ್‌ಶಾಟ್ ಕಳಿಸುವವರಿದ್ದಾರೆ, ಒಪ್ಪಿದೆ. ಪಾರ್ಸಲ್ ಕಟ್ಟುವ ಮುಂಚೆ ಖಾತೆ ನೋಡಿಕೊಂಡರೆ ಆಯಿತು. ಆದರೆ ಇದನ್ನು ಸೂಚಿಸಿ ನೋಡಿ, ಸಾಹುಕಾರರ ಮುಖ ಸಣ್ಣದಾಗುತ್ತದೆ. ಕ್ಯೂಆರ್ ಅಂದರೆ ಗಿರಮಿಟ್ ಗಾಡಿಯಾಯಿತಂತೆ, ಬಿಸಿನೆಸ್ ಆಗಲಿಲ್ಲವಂತೆ. ಗಿರಮಿಟ್ ಗಾಡಿಯವರು ಸಂಜೆಯೊಳಗೆ ಮಂಡಕ್ಕಿ ಖಾಲಿ ಮಾಡಿ ಮನೆಗೆ ಹೋಗಿರುತ್ತಾರೆ ಎಂಬುದನ್ನು ಅವರಿಗೆ ನೆನಪಿಸುವುದು ಒರಟುತನ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: “ಕಂಪನಿ ನಾಳೆ ಇರತದೋ ಇಲ್ಲೋ!” 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಅಲ್ಲಿ ಖಾತೆಯಿದ್ದ ವ್ಯಾಪಾರಿಗಳು ಬೇರೆ ಬ್ಯಾಂಕಿಗೆ ಓಡಬೇಕಾದದ್ದು ನಿಜ. ಗೇಟ್‌ವೇ ಕಂಪನಿಗೆ ಲೈಸೆನ್ಸ್ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ನೋಡುವುದು ಅವಶ್ಯ. ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ಕಾಯುವುದರಿಂದ ಕ್ಷೇಮ ಎನ್ನುವವರು 2022ರ ಡಿಸೆಂಬರನ್ನು ನೆನೆಯಬೇಕು. ಆಗ ರೇಜರ್‌ಪೇ, ಕ್ಯಾಶ್‌ಫ್ರೀ ಕಂಪನಿಗಳಿಗೆ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳದಂತೆ ರಿಸರ್ವ್ ಬ್ಯಾಂಕ್ ಹೇಳಿತು. ಅಂತಿಮ ಪರವಾನಗಿ ಸಿಕ್ಕಿ ಬಾಗಿಲು ತೆರೆದದ್ದು ಒಂದು ವರ್ಷದ ಮೇಲೆ. ಮೊದಲೇ ಸೇರಿದ್ದವರ ವ್ಯಾಪಾರ ನಡೆದೇ ಇತ್ತು. ಹೊರಗುಳಿದವರು ವಿಚಾರ ಮಾಡುತ್ತ ಕೂತವರು.

ಹಾಗಾದರೆ ಇಷ್ಟು ಬುದ್ಧಿವಂತರು ಯಾಕೆ ಹೀಗೆ? ತೆರೆಯದ ಅಂಗಡಿಗೆ ನಷ್ಟವಿಲ್ಲ. ತೆರೆದ ದಿನ ಯಾರೂ ಬಾರದಿದ್ದರೆ ಊರಿಗೆ ಗೊತ್ತಾಗುತ್ತದೆ. ಸಣ್ಣ ಊರಿನಲ್ಲಿ ಸೋತ ಸುದ್ದಿ ಬಸ್‌ಸ್ಟ್ಯಾಂಡಿಗೆ ಬಹಳ ಬೇಗ ಮುಟ್ಟುತ್ತದೆ. ಈ ಅಂಜಿಕೆಯನ್ನು ಹೀಯಾಳಿಸಲು ಮನಸ್ಸು ಬರುವುದಿಲ್ಲ. ಮೊದಲ ವಾಕ್ಯ ಬರೆಯುವ ಮುಂಚೆ ಅರ್ಧ ದಿನ ಫಾಂಟ್ ಆರಿಸುವ ನಮ್ಮ ಲೇಖಕ ಕುಲಕ್ಕೆ ಅದರ ಅಧಿಕಾರವೂ ಇಲ್ಲ. ಆದರೆ ಜಮಖಾನ ನೇಯುವವರು ಬೇರೆ ಇದ್ದಾರಲ್ಲ? ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು ಹತ್ತಿ ನೂಲಿನಲ್ಲಿ ನವಿಲು, ಪಗಡೆ ಹಾಸು ಮೂಡಿಸುವ ಹೆಣ್ಣುಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಗಿರಾಕಿ ಸಿಕ್ಕಿಲ್ಲ. ಅವರ ಮಾಲು ಇಂದಿಗೂ ನಡುವಿನವರ ಕೈಯಿಂದಲೇ ದೂರದ ಊರು ಸೇರುವುದು ಹೆಚ್ಚು. ಆ ನಡುವಿನವರು ನೂರಕ್ಕೆ ಎಷ್ಟು ಇಟ್ಟುಕೊಳ್ಳುತ್ತಾರೆಂಬುದು ಯಾವ ವೆಬ್‌ಸೈಟಿನಲ್ಲೂ ಅಚ್ಚಾಗಿಲ್ಲ, ಸಾಹುಕಾರರ ಹಾಳೆಯಲ್ಲೂ ಇಲ್ಲ.

ನಿಮ್ಮ ಬಳಗದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ದಯವಿಟ್ಟು ಸಲಹೆ ಕೊಡಬೇಡಿ, ಹಾಳೆಗೆ ಇನ್ನೊಂದು ಸಾಲು ಸೇರುತ್ತದೆ. ಫೋನ್ ಮಾಡಿ, “ಒಂದು ಜಮಖಾನ ಬೇಕ್ರಿ, ದುಡ್ಡು ಎಲ್ಲಿಗೆ ಹಾಕ್ಲಿ?” ಎಂದು ಕೇಳಿ. ಅವತ್ತೇ ರಾತ್ರಿಯೊಳಗೆ ಗೇಟ್‌ವೇ ಫೈನಲ್ ಆಗಿರುತ್ತದೆ.