ಉದ್ರಿ ಖಾತೆಯಲ್ಲಿ ಒಂದು ಭಾಷೆ

(ಕೊಡಗಿನ ಕ್ಯಾಸೆಟ್ ಕಂಪನಿಯೊಂದರ ಲೆಕ್ಕದ ಪುಸ್ತಕದ ಜೊತೆ ಕಾಲ್ಪನಿಕ ಸಂದರ್ಶನ)

ಮಡಿಕೇರಿಯ ಹಳೇ ಮನೆಯೊಂದರ ಅಟ್ಟದಲ್ಲಿ, ಕಾಫಿಯ ಖಾಲಿ ಗೋಣಿಚೀಲಗಳ ಪಕ್ಕ ವಿಶ್ರಾಂತ ಜೀವನ ನಡೆಸುತ್ತಿರುವ ಈ ಹಿರಿಯರು ಒಂದು ಕಾಲಕ್ಕೆ ಕೊಡವ ತಕ್ಕ್ ಭಾಷೆಯ ಹಾಡುಗಳ ಕ್ಯಾಸೆಟ್ ಹೊರತರುತ್ತಿದ್ದ ಸಣ್ಣ ಕಂಪನಿಯ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಸಡಿಲಗೊಂಡ ಬೆನ್ನು, ಮಳೆಗಾಲ ಬಂತೆಂದರೆ ಉಬ್ಬಸ. ಕಂಪನಿಯ ಹೆಸರು ಬರೆಯಬಾರದು ಎಂಬ ಷರತ್ತು ಹಾಕಿಯೇ ಬಾಯಿ ಬಿಟ್ಟರು. ಬರೆದರೆ ಬಾಕಿ ಉಳಿಸಿಕೊಂಡವರಿಗೆ ಬೇಜಾರಾಗುತ್ತದಂತೆ. ಎಲ್ಲರೂ ನೆಂಟರು.

ಪ್ರಶ್ನೆ: ಆರೋಗ್ಯ ಹೇಗಿದೆ?

ಪುಸ್ತಕ: ಜಮಾ ಬದಿ ಚೆನ್ನಾಗಿದೆ, ಬೆಳ್ಳಗೆ, ಮೊನ್ನೆ ತಂದ ಹಾಗೆ. ಖರ್ಚಿನ ಬದಿಗೆ ಗೆದ್ದಲು ಬಿದ್ದಿದೆ. ತಿನ್ನೋಕೆ ಏನಾದರೂ ಇರೋದು ಎಲ್ಲಿ ಅಂತ ಗೆದ್ದಲಿಗೂ ಗೊತ್ತಾಗುತ್ತೆ ನೋಡಿ.

ಪ್ರಶ್ನೆ: ಕಂಪನಿ ಶುರುವಾದದ್ದು ಹೇಗೆ?

ಪುಸ್ತಕ: ಬ್ರೆಜಿಲ್‌ನಿಂದ.

ಪ್ರಶ್ನೆ: ಅರ್ಥವಾಗಲಿಲ್ಲ.

ಪುಸ್ತಕ: ನೀವು ಘಟ್ಟದ ಕೆಳಗಿನವರಿರಬೇಕು. 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿತು. ಅಲ್ಲಿನ ಕಾಫಿ ಗಿಡಗಳು ಕರಟಿಹೋದವು, ಲೋಕದಲ್ಲೆಲ್ಲ ರೇಟು ಏರಿತು. ಇಲ್ಲಿ, ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಸುರಿಯಬೇಕೆಂಬ ಕಟ್ಟು ಆಗಲೇ ಸಡಿಲವಾಗ್ತಾ ಇತ್ತು, 1996ರಲ್ಲಿ ಪೂರ್ತಿ ಕಳಚಿತು. ಬೆಳೆಗಾರನ ಕೈಗೆ ಕಂಡರಿಯದ ದುಡ್ಡು. ಕೆಲವರು ಜೀಪು ತಗೊಂಡರು. ಕೆಲವರು ಬೆಂಗಳೂರಲ್ಲಿ ಸೈಟು ತಗೊಂಡರು. ನಮ್ಮ ಯಜಮಾನರಿಗೆ ಹಾಡಿನ ಹುಚ್ಚು, ನನ್ನನ್ನು ತಗೊಂಡರು. ಆ ಸೈಟುಗಳಿಗೆ ಈಗ ಏನು ಬೆಲೆ ಅನ್ನೋದನ್ನ ಈ ಮನೆಯೊಳಗೆ ಎತ್ತಬಾರದು ಅಂತ ಅಮ್ಮನವರ ಕಟ್ಟಪ್ಪಣೆ ಇದೆ. ನೀವೂ ಎತ್ತಬೇಡಿ.

ಪ್ರಶ್ನೆ: ಅಂದರೆ ಇದು ಸಂಗೀತ ಸಂಸ್ಥೆಯೋ, ತೋಟದ ಒಂದು ಶಾಖೆಯೋ?

ಪುಸ್ತಕ: ನನ್ನ ಮೊದಲ ಪುಟ ಓದಿ. ಜಮಾ: ರೊಬಸ್ಟಾ ಚೆರಿ. ಖರ್ಚು: ಸ್ಟುಡಿಯೋ ಬಾಡಿಗೆ. ಎರಡನೇ ಪುಟ. ಜಮಾ: ಕರಿಮೆಣಸು. ಖರ್ಚು: ಕ್ಯಾಸೆಟ್ಟಿನ ಕವರು, ನಾಲ್ಕು ಬಣ್ಣದಲ್ಲಿ. ಮೂರನೇ ಪುಟದಲ್ಲಿ ಒಂದು ಸಿಲ್ವರ್ ಓಕ್ ಮರ ಹೋಗಿದೆ, ಕೀಬೋರ್ಡಿನವರ ಬಾಬ್ತು. ಹಾಡಿನಿಂದಲೇ ಹಾಡಿಗೆ ದುಡ್ಡು ಬಂದ ಪುಟವೂ ಒಂದಿದೆ. ಅದು ಬೂಷ್ಟು ಹಿಡಿದು ಅಂಟಿಕೊಂಡಿದೆ, ಬಿಡಿಸೋಕೆ ಹೋದರೆ ಹರಿಯುತ್ತೆ.

ಪ್ರಶ್ನೆ: ಮಾರುಕಟ್ಟೆ ಎಷ್ಟಿದೆ ಅಂತ ಮೊದಲೇ ಲೆಕ್ಕ ಹಾಕಲಿಲ್ಲವೆ?

ಪುಸ್ತಕ: ಲೆಕ್ಕ ಹಾಕೋದು ನನ್ನ ಕೆಲಸ, ಕೇಳೋದು ಅವರ ಕೆಲಸ. ಅವರು ಕೇಳಲಿಲ್ಲ. ಈಗ ಹೇಳ್ತೀನಿ. 2001ರ ಜನಗಣತಿಯಲ್ಲಿ ಈ ಭಾಷೆ ನಮ್ಮದು ಅಂತ ಬರೆಸಿದವರು 1,66,187 ಮಂದಿ. 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಗಿರಾಕಿಗಳು ಹೋದರು. ಸತ್ತವರಲ್ಲ, ಮೈಸೂರು ಬೆಂಗಳೂರಲ್ಲಿ ಗಟ್ಟಿಮುಟ್ಟಾಗಿಯೇ ಇರಬೇಕು. ಗಣತಿಯವರು ಬಾಗಿಲು ತಟ್ಟಿದಾಗ ಬಾಯಿಗೆ ಬೇರೆ ಭಾಷೆ ಬಂದಿರಬಹುದು.

ಇರಲಿ, ಇರುವವರ ಲೆಕ್ಕ ನೋಡೋಣ. ನಮ್ಮಲ್ಲಿ ಗಿರಾಕಿ ಅಂದರೆ ಒಬ್ಬ ಮನುಷ್ಯ ಅಲ್ಲ, ಒಕ್ಕ, ಅಂದರೆ ಒಂದೇ ಮನೆತನದ ಇಡೀ ಬಳಗ. ಒಂದು ಒಕ್ಕಕ್ಕೆ ಹಿರಿಯರ ಕಾಲದ ಒಂದು ಐನ್‌ಮನೆ ಇರುವ ಹಾಗೆ ಒಂದು ಕ್ಯಾಸೆಟ್ಟು. ಅದು ದೊಡ್ಡಪ್ಪನ ಮನೆಯಿಂದ ಚಿಕ್ಕಪ್ಪನ ಮನೆಗೆ, ಅಲ್ಲಿಂದ ಮದುವೆಯಾಗಿ ಹೋದ ಹುಡುಗಿಯ ಮನೆಗೆ ತಿರುಗುತ್ತೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕುಟುಂಬಗಳ ಹಾಕಿ ಶುರು ಮಾಡಿದಾಗ 60 ಒಕ್ಕ ಆಡಲು ಬಂದವು. 2024ರಲ್ಲಿ ನಾಪೋಕ್ಲಿಗೆ 360 ತಂಡ ಬಂದು ಆಗಿನ ದಾಖಲೆಯಾಯಿತು. ಹೌದಲ್ಲ? ಆ ಒಕ್ಕಗಳೆಲ್ಲ ತಪ್ಪದೆ ಒಂದೊಂದು ಕೊಂಡರೆ 360 ಕ್ಯಾಸೆಟ್ಟು. ಬೆಂಗಳೂರಲ್ಲಿ ಕಾಪಿ ಹೊಡೆಯುವವರು ನಮಗೆ ಸಾವಿರಕ್ಕೆ ಕಡಿಮೆ ಮಾಡಿಕೊಡಲಿಲ್ಲ. ಉಳಿದ 640 ನಿಮ್ಮ ಬೆನ್ನ ಹಿಂದೆ ಇವೆ. ಒರಗಬೇಡಿ, ಜಾರುತ್ತವೆ.

ಪ್ರಶ್ನೆ: ರೆಕಾರ್ಡಿಂಗ್ ಇಲ್ಲೇ ಮಾಡಿದ್ದರೆ ಖರ್ಚು ಉಳಿಯುತ್ತಿತ್ತಲ್ಲ?

ಪುಸ್ತಕ: ಇಲ್ಲಿ ಯಜಮಾನರು ಪ್ರಯತ್ನಪಟ್ಟರು. ತೋಟದ ಗೋದಾಮಿನಲ್ಲಿ ಗೋಣಿ ತೂಗುಹಾಕಿ, ಕಂಬಳಿ ಬಡಿದು. ಮೊದಲ ಟೇಕಿಗೆ ಕರೆಂಟು ಹೋಯಿತು. ಎರಡನೇ ಟೇಕಿಗೆ ಮಳೆ ಬಂತು, ತಗಡಿನ ಸೂರು ದುಡಿ ವಾದ್ಯದವರಿಗಿಂತ ಜೋರಾಗಿ ಬಾರಿಸಿತು. ಮಳೆ ನಿಂತ ಮೇಲೆ ಮಾಡೋಣ ಅಂದರು. ಮಡಿಕೇರಿಯಲ್ಲಿ ಜೂನ್ ತಿಂಗಳಲ್ಲಿ ಹೇಳುವ ಮಾತೇ ಅದು? ಕೊನೆಗೆ ನಾಲ್ವರು ದುಡಿಯವರನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸಿದೆವು. ಬಸ್ ಚಾರ್ಜು, ಲಾಡ್ಜು, ಊಟ, ಪಂದಿಕರಿ ಸಿಗಲಿಲ್ಲ ಅಂತ ಇನ್ನೊಂದು ಊಟ. ಸ್ಟುಡಿಯೋದಲ್ಲಿ ಗಂಟೆ ಲೆಕ್ಕದ ಬಾಡಿಗೆ. ನಮ್ಮವರಿಗೆ ಹಾಡು ಶುರು ಮಾಡುವ ಮೊದಲು ಕುಶಲ ವಿಚಾರಿಸಬೇಕು, ಎಲೆಅಡಿಕೆ ಹಾಕಬೇಕು, ದೇವರನ್ನು ಹಿರಿಯರನ್ನು ನೆನೆಯಬೇಕು. ಗಡಿಯಾರ ಓಡ್ತಾ ಇತ್ತು. ಹಿರಿಯರನ್ನು ನೆನೆದ ಖರ್ಚು ಅಂತಲೇ ನನ್ನಲ್ಲಿ ಒಂದು ನಮೂದು ಇದೆ.

ಅಲ್ಲಿನ ಕೀಬೋರ್ಡಿನವರು ಒಳ್ಳೆಯವರು. ದುಡಿ ಕೇಳಿ, "ಸಾರ್, ಇದನ್ನೇ ನಾನು ಮೆಷೀನಲ್ಲಿ ಹಾಕಿಕೊಡ್ತೀನಿ, ನಾಲ್ಕು ಜನರ ಬಸ್ ಚಾರ್ಜು ಉಳಿಯುತ್ತೆ" ಅಂದರಂತೆ. ಯಜಮಾನರು ಒಂದು ವಾರ ಅನ್ನ ಬಿಟ್ಟರು. ಲೆಕ್ಕದ ದೃಷ್ಟಿಯಿಂದ ಕೀಬೋರ್ಡಿನವರು ಹೇಳಿದ್ದೇ ಸರಿ, ಆದರೆ ನನ್ನನ್ನು ಯಾರೂ ಕೇಳಲಿಲ್ಲವಲ್ಲ.

ಪ್ರಶ್ನೆ: ಬಿಡುಗಡೆ ಸಮಾರಂಭ ಚೆನ್ನಾಗಿ ನಡೆಯಿತಂತೆ.

ಪುಸ್ತಕ: ಅದ್ಭುತವಾಗಿ ನಡೆಯಿತು. ನಾವು ಮುಳುಗಿದ್ದೇ ಅಲ್ಲಿ. ವೇದಿಕೆ ಮೇಲಿದ್ದವರಿಗೆ ಗೌರವ ಪ್ರತಿ. ಗಾಯಕರಿಗೆ, ಬರೆದವರಿಗೆ, ಅವರವರ ಮಾವಂದಿರಿಗೆ ಪ್ರತಿ. ಪತ್ರಿಕೆಯವರಿಗೆ ಪ್ರತಿ. ಶಾಮಿಯಾನದವನು ನಮ್ಮ ಒಕ್ಕದ ಅಳಿಯ, ಅವನಿಗೆ ಎರಡು. ಮುಖ್ಯ ಅತಿಥಿಗಳು ಭಾಷೆ ಉಳಿಸಬೇಕು ಅಂತ ಮುಕ್ಕಾಲು ಗಂಟೆ ಮಾತಾಡಿದರು, ಯಾವ ಭಾಷೆಯಲ್ಲಿ ಅಂತ ಕೇಳಬೇಡಿ. ಇಳಿದು ಹೋಗುವಾಗ "ಅಮೆರಿಕದಲ್ಲಿರೋ ಮಗಳಿಗೂ ಒಂದು ಕೊಡಿ" ಅಂದರು. ಅಂಚೆ ಖರ್ಚು ನಮ್ಮದೇ.

ದೊಡ್ಡ ಭಾಷೆಯಲ್ಲಿ ಕ್ಯಾಸೆಟ್ ಮಾಡೋದು ಸುಲಭ, ಕೊಳ್ಳುವವನು ಯಾರು ಅಂತ ನಿಮಗೆ ಗೊತ್ತಿರೋದಿಲ್ಲ. ಇಲ್ಲಿ ಎಲ್ಲರೂ ಗೊತ್ತು. ಗುರುತಿನವನ ಹತ್ತಿರ ಮೂವತ್ತು ರೂಪಾಯಿ ಕೇಳೋದು ಹೇಗೆ? ಕೇಳಿದರೆ, "ನಮ್ಮಿಂದಲೂ ದುಡ್ಡು ತಗೋತೀಯಾ ಅಣ್ಣಯ್ಯ?" ಅಂತಾರೆ. ಆ ಒಂದು ವಾಕ್ಯಕ್ಕೆ ನಾನು ಮೂರು ಪುಟ ಮೀಸಲಿಟ್ಟಿದ್ದೇನೆ. ಉದ್ರಿ ಖಾತೆ ಅಂತ ಮೇಲೆ ಬರೆದಿದೆ, ಕೆಳಗೆ ಇಡೀ ವಂಶವೃಕ್ಷ ಇದೆ. ಮೊನ್ನೆ ಒಬ್ಬರು ಸಂಶೋಧಕರು ಬಂದು ಅದನ್ನೇ ಫೋಟೋ ತೆಗೆದುಕೊಂಡು ಹೋದರು.

ಪ್ರಶ್ನೆ: ಅಂಗಡಿಗಳಲ್ಲಿ?

ಪುಸ್ತಕ: ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲ ಕಡೆ ಇಟ್ಟೆವು. ಮಾರಿದ ಮೇಲೆ ಹಣ, ಮಾರದಿದ್ದರೆ ಮಾಲು ವಾಪಸ್. ಎದುರಿಗೆ 'ಪ್ರೇಮಲೋಕ' ಜೋಡಿಸಿರುತ್ತಿದ್ದರು, 1987ರ ಮಾಲು, ಆಗಲೂ ಬಿಸಿ ಬಿಸಿ ಹೋಗ್ತಾ ಇತ್ತು. ನಮ್ಮದು ಗಲ್ಲಾಪೆಟ್ಟಿಗೆ ಹಿಂದೆ, ಊದುಬತ್ತಿ ಪಕ್ಕ. ವಾಪಸ್ ಬಂದ ಮಾಲು ಈಗಲೂ ಘಮ್ ಅನ್ನುತ್ತೆ.

ಪ್ರಶ್ನೆ: ಪೈರಸಿ?

ಪುಸ್ತಕ: ಕಳ್ಳರು ಬರೋಕೂ ಯೋಗ್ಯತೆ ಬೇಕು ಸ್ವಾಮಿ. ಎಷ್ಟೋ ವರ್ಷ ನಮ್ಮ ಕಡೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಮೊಬೈಲ್ ಅಂಗಡಿಯವರು ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲ ಬಂತು. ಒಂದು ಅಂಗಡಿಯಲ್ಲಿ ನಮ್ಮ ಹಾಡೂ ಇದೆ ಅಂತ ಸುದ್ದಿ. ಯಜಮಾನರು ಜಗಳಕ್ಕೆ ಅಂತಲೇ ಕೋಟು ಹಾಕಿಕೊಂಡು ಹೋದರು. ಅಂಗಡಿ ಹುಡುಗ, "ನಿಮ್ಮ ಹಾಡನ್ನ ತುಂಬ ಜನ ಕೇಳ್ತಾರೆ ಸಾರ್" ಅಂದ. ಮನೆಗೆ ಬಂದವರು ಆವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ನಷ್ಟವನ್ನು ಹೇಗೆ ಬರೆಯಲಿ ಅಂತ ನಾನು ಕಾದೆ. ಬರೆಯೋಕೆ ಬರಲೇ ಇಲ್ಲ.

ಪ್ರಶ್ನೆ: ಕಲಾವಿದರಿಗೆ ರಾಯಲ್ಟಿ ಕೊಟ್ಟಿರಾ?

ಪುಸ್ತಕ: ಯಾರಿಗೆ? ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದುಕೊಂಡು ಊರೂರಿನ ಹಾಡು ಕೂಡಿಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಪೊಲೀಸರಾಗಿಯೂ ಈ ಹಾಡುಗಳ ಮಾಲೀಕರನ್ನು ಪತ್ತೆ ಮಾಡಲಿಕ್ಕೆ ಅವರಿಂದ ಆಗಲಿಲ್ಲ. ಹಾಡಿದವನ ಅಜ್ಜನ ಅಜ್ಜ ಕಟ್ಟಿದ್ದು. ಅವರ ಬ್ಯಾಂಕ್ ಖಾತೆ ಸಂಖ್ಯೆ ಬೇಕಲ್ಲ?

ನೋಡಿ, ಮೊದಲಿದ್ದ ವ್ಯವಸ್ಥೆ ನನ್ನಂಥವರಿಗೆ ಕೆಲಸವೇ ಇಲ್ಲದ ಹಾಗೆ ಇತ್ತು. ಹುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಹಿಡಿದವರು ಮನೆಮನೆಗೆ ಹೋಗಿ ಹಾಡ್ತಾರೆ. ಮನೆಯವನು ಅಲ್ಲೇ ಕುಡಿಯೋಕೆ ಕೊಡ್ತಾನೆ, ತಿನ್ನೋಕೆ ಕೊಡ್ತಾನೆ, ಕೈಗಿಷ್ಟು ಕಾಸು ಹಾಕ್ತಾನೆ. ಹಾಡು ಮುಗಿಯಿತು, ಲೆಕ್ಕವೂ ಮುಗಿಯಿತು. ಮದುವೆಯ ವಾಲಗದವರೂ ಹಾಗೇ, ಸಂಜೆಗೆ ಹಣ ಎಣಿಸಿಕೊಂಡೇ ವಾದ್ಯ ಕಟ್ಟುವುದು. ಜನ ಹಾಡಿಗೆ ದುಡ್ಡು ಕೊಡೋದಿಲ್ಲ ಅನ್ನೋದು ಸುಳ್ಳು. ಎದುರು ನಿಂತು ಹಾಡಿದವನಿಗೆ ಕೊಡ್ತಾರೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು ಹಾಡಿದವನಿಗೆ, ಅವನಿಗೇನು ಹಸಿವಾ ಬಾಯಾರಿಕೆಯಾ, ಯಾಕೆ ಕೊಡಬೇಕು ಅಂತಾರೆ. ನಾವು ಆ ಡಬ್ಬಿಯನ್ನ ಹಾಡಿಗೂ ಮನೆಯವನಿಗೂ ನಡುವೆ ತಂದಿಟ್ಟೆವು, ಮೇಲೆ ಬಿಲ್ಲು ಕೊಟ್ಟೆವು.

ಪ್ರಶ್ನೆ: ಅಕಾಡೆಮಿ, ಆಕಾಶವಾಣಿ ಕೈಹಿಡಿಯಲಿಲ್ಲವೆ?

ಪುಸ್ತಕ: ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲೇ ಬಂತು, ಪುಸ್ತಕ ಮಾಡುತ್ತೆ, ಪ್ರಶಸ್ತಿ ಕೊಡುತ್ತೆ. ನಾನೂ ಪುಸ್ತಕವೇ, ಆದರೆ ನನ್ನ ಪ್ರಕಾರಕ್ಕೆ ಪ್ರಶಸ್ತಿ ಇಲ್ಲ. ಮಡಿಕೇರಿ ಆಕಾಶವಾಣಿಯವರು 103.1ರಲ್ಲಿ ಕೊಡವ, ಅರೆಭಾಷೆ ಹಾಡುಗಳನ್ನ ಹಾಕ್ತಾರೆ. ಪುಣ್ಯದ ಕೆಲಸ. ಅದನ್ನು ಕೇಳಿದವರು ನಮ್ಮನ್ನು ಎದುರಿಗೇ ಕೇಳಿದರು, "ರೇಡಿಯೋದಲ್ಲೇ ಬರುತ್ತಲ್ಲ, ಮತ್ತೆ ಕ್ಯಾಸೆಟ್ ಯಾಕೆ?"

ಪ್ರಶ್ನೆ: ಕಂಪನಿ ಮುಚ್ಚಿದ್ದು ಕ್ಯಾಸೆಟ್ ಹೋಗಿ ಸಿಡಿ ಬಂದದ್ದರಿಂದ ಅಂತ ಕೇಳಿದ್ದೇನೆ.

ಪುಸ್ತಕ: ಪೇಟೆಯವರ ಕಥೆ ಅದು. ನಾವು ನಿಂತದ್ದು 2001-02ರಲ್ಲಿ. ವಿಯೆಟ್ನಾಂನವರು ರೊಬಸ್ಟಾ ಬೆಳೆದು ಬೆಳೆದು ಲೋಕಕ್ಕೆ ಸುರಿದರು, ರೇಟು ನೆಲಕ್ಕೆ ಬಿತ್ತು. ಚೆರಿ ಕುಯ್ಯಿಸಿದ ಕೂಲಿಯೂ ಹುಟ್ಟದ ವರ್ಷ. ಹನ್ನೊಂದು ಹಾಡು ರೆಕಾರ್ಡ್ ಆಗಿ, ಹನ್ನೆರಡನೆಯದು ಬಾಕಿ ಇತ್ತು. ಅದು ಇವತ್ತಿಗೂ ಬಾಕಿ. ಬಾಕಿ ಅಂದರೆ ನನ್ನ ಭಾಷೆಯಲ್ಲಿ ಬೇರೆ ಅರ್ಥ, ನಿಮಗೆ ಗೊತ್ತಲ್ಲ.

ಪ್ರಶ್ನೆ: ದೊಡ್ಡ ದೇಶಗಳಲ್ಲಾದರೂ ಸಣ್ಣ ಕಂಪನಿಗಳು ಬದುಕಿರಬೇಕು?

ಪುಸ್ತಕ: ಮ್ಯಾಂಚೆಸ್ಟರಿನಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್ ಅಂತ ಒಂದಿತ್ತು. 1983ರಲ್ಲಿ 'ಬ್ಲೂ ಮಂಡೇ' ಅನ್ನೋ ರೆಕಾರ್ಡು ತಂದರು. ಕವರಿಗೆ ಅಲ್ಲಲ್ಲಿ ಕತ್ತರಿ ಹಾಕಿಸಿ ಎಷ್ಟು ಚಂದ ಮಾಡಿದರೆಂದರೆ, ಒಂದೊಂದು ಮಾರಿದಾಗಲೂ ಕೈಯಿಂದ ಹೋಗ್ತಾ ಇತ್ತಂತೆ. ಅದೋ ಲಕ್ಷಗಟ್ಟಲೆ ಮಾರಿತು. 1992ರಲ್ಲಿ ದಿವಾಳಿ. ಅವರ ಲೆಕ್ಕದ ಪುಸ್ತಕಕ್ಕೆ ನನ್ನ ನಮಸ್ಕಾರ ತಿಳಿಸಿ. ಮಾರಾಟ ಆಗದೆ ಮುಳುಗಿದವನು ನಾನು, ಆಗಿಯೂ ಮುಳುಗಿದವರು ಅವರು. ನಮಗಿಂತ ಅವರ ನಷ್ಟ ಹೆಚ್ಚು ಘನವಾದದ್ದು.

ಪ್ರಶ್ನೆ: ಈಗ ಎಲ್ಲವೂ ಮೊಬೈಲಿನಲ್ಲಿದೆ. ಛಾಪಿಸುವ ಖರ್ಚಿಲ್ಲ, ಅಂಗಡಿಯಿಲ್ಲ, ಗೌರವ ಪ್ರತಿಯಿಲ್ಲ. ಸುಲಭವಲ್ಲವೆ?

ಪುಸ್ತಕ: ಯಜಮಾನರ ಮಗ ಹಳೇ ಹಾಡುಗಳನ್ನ ಅಲ್ಲಿ ಏರಿಸಿದ್ದಾನೆ. ನಾನೂ ನಿಯಮ ಓದಿಸಿಕೊಂಡೆ. ಸ್ಪಾಟಿಫೈನಲ್ಲಿ 2024ರಿಂದ, ಒಂದು ಹಾಡನ್ನು ವರ್ಷದಲ್ಲಿ ಸಾವಿರ ಸಲ ಕೇಳದಿದ್ದರೆ ಅದಕ್ಕೆ ಕಾಸಿಲ್ಲ. ಮತ್ತೆ ಅದೇ ಸಾವಿರ! ಕಾಪಿ ಹೊಡೆಯುವವರೂ ಇವರೂ ಒಂದೇ ಗುರುವಿನ ಹತ್ತಿರ ಕಲಿತಿರಬೇಕು. ಲೆಕ್ಕ ಹಾಕಿದೆ. ಹಾಕಿ ಆಡಿದ 360 ಒಕ್ಕದವರು ಒಂದೊಂದು ಹಾಡನ್ನು ಮೂರು ಮೂರು ಸಲ ಕೇಳಿದರೆ 1,080. ಗಡಿ ದಾಟಿತು! ದಾಟಿದ ಹಾಡಿನ ಹಣದಲ್ಲಿ ಬಸ್ಸಿಗೆ ಗೋಣಿಕೊಪ್ಪಕ್ಕೆ ಹೋಗಬಹುದು, ವಾಪಸ್ ಬರೋಕೆ ಇನ್ನೊಂದು ಹಾಡು ದಾಟಬೇಕು. ಆದರೆ ನಮ್ಮವರು ಅಲ್ಲಿ ಕೇಳೋದಿಲ್ಲ. ಯಾರೋ ಒಬ್ಬ ವಾಟ್ಸ್ಯಾಪಿಗೆ ಹಾಕ್ತಾನೆ, ಎಲ್ಲರೂ ಕೈಮುಗಿಯುವ ಚಿತ್ರ ಹಾಕ್ತಾರೆ. ಒಕ್ಕಕ್ಕೆ ಒಂದು ಕ್ಯಾಸೆಟ್ಟು ಅಂದೆನಲ್ಲ, ಈಗ ಊರಿಗೆ ಒಂದು.

ಪ್ರಶ್ನೆ: ಇಷ್ಟಾದರೂ ಯಜಮಾನರಿಗೆ ಬೇಸರವಿಲ್ಲವಂತೆ. ಭಾಷಾಭಿಮಾನ ದೊಡ್ಡದು.

ಪುಸ್ತಕ: ಅಭಿಮಾನವನ್ನು ಯಾವ ಬದಿಗೆ ಬರೆಯಬೇಕು ಅನ್ನೋದೇ ನನ್ನ ಹಳೇ ತಕರಾರು. ಜನರ ಹತ್ತಿರ ಬೇಕಾದಷ್ಟಿದೆ, ವೇದಿಕೆ ಮೇಲೆ, ಹಾಕಿ ಮೈದಾನದಲ್ಲಿ, ಮದುವೆ ಮನೆಯಲ್ಲಿ. ಕೊಟ್ಟದ್ದನ್ನೆಲ್ಲ ಜಮಾ ಬದಿಗೆ ಬರೆದೆ. ತಿಂಗಳ ಕೊನೆಗೆ ಬಾಡಿಗೆಗೆ ಅಂತ ತೆಗೆಯೋಕೆ ಹೋದರೆ ಚಿಲ್ಲರೆ ಆಗಲಿಲ್ಲ. ಖರ್ಚಿನ ಬದಿಗೆ ಬರೆದೆ, ಅಲ್ಲಿ ಸರಿಯಾಗಿ ಕೂತಿತು. ತೋಟದ ಒಂದು ಪಾಲು ಎಲ್ಲಿಗೆ ಹೋಯಿತು ಅನ್ನೋದಕ್ಕೆ ವಿವರಣೆ ಸಿಕ್ಕಿತು.

ಪ್ರಶ್ನೆ: ಮುಂದಿನ ಯೋಜನೆ ಏನಾದರೂ?

ಪುಸ್ತಕ: ಮಗನ ತಲೆಯಲ್ಲಿ ಹೊಸದೊಂದು ಹೊಕ್ಕಿದೆ. ಹೊರದೇಶದಲ್ಲಿ ಮತ್ತೆ ಕಪ್ಪು ತಟ್ಟೆಗಳ ಕಾಲ ಬಂದಿದೆಯಂತೆ. ಉಳಿದ ಆ ಹನ್ನೆರಡನೇ ಹಾಡನ್ನೂ ಹಾಡಿಸಿ, ಎಲ್ಲ ಸೇರಿಸಿ ಎಲ್‌ಪಿ ಮಾಡ್ತಾನಂತೆ, ಐನ್‌ಮನೆಯ ಫೋಟೋ ಕವರಿನ ಮೇಲೆ. 2024ರಲ್ಲಿ ರೊಬಸ್ಟಾ ರೇಟು ಏರಿತು ನೋಡಿ, ಕಾಯಿಲೆ ಮರುಕಳಿಸಿದೆ. ಮೊನ್ನೆ ರಾತ್ರಿ ಟಾರ್ಚು ಹಿಡಿದು ಅಟ್ಟ ಹತ್ತಿ ಬಂದು ನನ್ನ ಕೊನೆಯ ಖಾಲಿ ಹಾಳೆ ಎಣಿಸಿಕೊಂಡು ಹೋದ. ಅಮ್ಮನವರಿಗೆ ಇನ್ನೂ ಗೊತ್ತಿಲ್ಲ.

ಪ್ರಶ್ನೆ: ಲಾಭ ಬರುತ್ತದೆ ಅನಿಸುತ್ತದೆಯೆ?

ಪುಸ್ತಕ: ನೀವು ಪೇಪರಿನವರು, ನಿಮಗೆ ಗೊತ್ತಿರಬೇಕು. ಬ್ರೆಜಿಲ್ ಕಡೆ ಈ ವರ್ಷ ಚಳಿ ಹೇಗಿದೆಯಂತೆ?